13 ವರ್ಷ ಕಾಯಿಸಿದ ಕಡಲು



ಇವತ್ತು ನಾನು ಮಾತಾಡಲಿರುವುದು ಒಂದು ಹಾಲಿವುಡ್ ಸಿನಿಮಾದ ಬಗ್ಗೆ. ಕನ್ನಡ ಕಾರ್ಯಕ್ರಮದಲ್ಲಿ ಇದೆಲ್ಲಾ ಯಾಕೆ ಎಂದು ನೀವು ಕೇಳಬಹುದು. ಉತ್ತರ ಸರಳವಾಗಿದೆ. ಈ ಸಿನಿಮಾ ಕನ್ನಡದಲ್ಲೂ ಬಂತು. 2022ರ ಡಿಸೆಂಬರ್ 16ರಂದು ‘ಅವತಾರ್: ದಿ ವೇ ಆಫ್ ವಾಟರ್’ ನಮ್ಮ ದೇಶದಲ್ಲಿ ತೆರೆಕಂಡಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಮಲಯಾಳಂ ಭಾಷೆಗಳ ಜೊತೆಗೆ ಕನ್ನಡದ ಹೆಸರೂ ಪಟ್ಟಿಯಲ್ಲಿತ್ತು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಊರು ಬಿಟ್ಟು ಬಂದವರ ಕಥೆ ಅದು. ಮುಂಬಯಿಯ ಕನ್ನಡಿಗರಿಗೆ ಆ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು, ನೋಡದೇ ಇದ್ದವರಿಗಾಗಿ ಎರಡು ಮಾತು. ಮೊದಲನೆಯ ‘ಅವತಾರ್’ ಬಂದದ್ದು 2009ರ ಡಿಸೆಂಬರ್‌ನಲ್ಲಿ. ನಿರ್ದೇಶಕರು ಜೇಮ್ಸ್ ಕ್ಯಾಮರಾನ್, ‘ಟೈಟಾನಿಕ್’ ಮಾಡಿದವರು. ದೂರದ ಪಂಡೋರಾ ಎಂಬ ಉಪಗ್ರಹ. ಅಲ್ಲಿ ನೀಲಿ ಮೈಯ, ಬಾಲವಿರುವ, ಹತ್ತಡಿ ಎತ್ತರದ ‘ನಾವಿ’ ಜನ ಕಾಡಿನಲ್ಲಿ ವಾಸಿಸುತ್ತಾರೆ. ಅವರ ನೆಲದ ಕೆಳಗೆ ಬೆಲೆಬಾಳುವ ಖನಿಜವಿದೆ. ಅದನ್ನು ಅಗೆಯಲು ಭೂಮಿಯಿಂದ ಕಂಪನಿ ಬಂದಿದೆ, ಕಂಪನಿಯ ಜೊತೆ ಬಂದೂಕೂ ಬಂದಿದೆ. ಅಲ್ಲಿನ ಗಾಳಿ ಮನುಷ್ಯರಿಗೆ ಆಗಿಬರುವುದಿಲ್ಲವಾದ್ದರಿಂದ ವಿಜ್ಞಾನಿಗಳು ನಾವಿ ದೇಹವನ್ನೇ ಪ್ರಯೋಗಾಲಯದಲ್ಲಿ ಬೆಳೆಸಿ, ಮನುಷ್ಯನ ಮನಸ್ಸನ್ನು ಅದರೊಳಗೆ ಇಳಿಸುತ್ತಾರೆ. ಇಳಿದು ಬರುವುದಕ್ಕೆ ನಮ್ಮಲ್ಲಿ ಇರುವ ಶಬ್ದವೇ ಅವತಾರ. ಕಾಲು ಸ್ವಾಧೀನವಿಲ್ಲದ ಜೇಕ್ ಸಲ್ಲಿ ಎಂಬ ಮಾಜಿ ಸೈನಿಕ ಹೀಗೆ ಅವರ ನಡುವೆ ಇಳಿದು, ನೇಟಿರಿ ಎಂಬ ಹೆಣ್ಣನ್ನು ಪ್ರೀತಿಸಿ, ಕೊನೆಗೆ ತನ್ನವರ ವಿರುದ್ಧವೇ ನಿಲ್ಲುತ್ತಾನೆ.

ಆ ಸಿನಿಮಾ ಬಂದಾಗ ನಾನು ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಮೂರು ಸಲ ನೋಡಿದೆ. ಜಗತ್ತಿನಲ್ಲಿ ಅತ್ಯಂತ ಹೆಚ್ಚು ಹಣ ಗಳಿಸಿದ ಸಿನಿಮಾ ಎಂಬ ಹೆಸರು ಅದಕ್ಕೆ ಬಂತು. 2010ರಲ್ಲಿ ಮೂರು ಆಸ್ಕರ್ ಬಂದವು. ಅಷ್ಟಾದ ಮೇಲೆ ಎರಡನೆಯ ಭಾಗ ಎರಡು ಮೂರು ವರ್ಷಗಳಲ್ಲಿ ಬಂದೇ ಬರುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಬರಲಿಲ್ಲ. 2014 ಎಂದರು, ಆಮೇಲೆ ಇನ್ನೊಂದು ವರ್ಷ ಹೇಳಿದರು, ಮತ್ತೆ ಮುಂದೂಡಿದರು. ಕೊನೆಗೆ ಬಂದದ್ದು 13 ವರ್ಷ ಕಳೆದ ಮೇಲೆ. ಅಷ್ಟರಲ್ಲಿ ನನ್ನ ಮದುವೆಯಾಗಿ, ಮಗಳು ನಾಲ್ಕನೆಯ ಇಯತ್ತೆಗೆ ಬಂದಿದ್ದಳು.

ತಡವಾಗಿ ಬರುವ ಎರಡನೆಯ ಭಾಗಗಳಿಗೆ ಒಂದು ಕಷ್ಟವಿದೆ. ಮೊದಲನೆಯದನ್ನು ನೋಡಿದ ಹುಡುಗ ಈಗ ಹುಡುಗನಾಗಿ ಉಳಿದಿರುವುದಿಲ್ಲ. ‘ಟ್ರಾನ್’ ಸಿನಿಮಾದ ಎರಡನೆಯ ಭಾಗ 28 ವರ್ಷಗಳ ನಂತರ 2010ರಲ್ಲಿ ಬಂತು. ‘ಬ್ಲೇಡ್ ರನ್ನರ್’ ಮುಂದುವರಿದದ್ದು 35 ವರ್ಷಗಳ ನಂತರ, 2017ರಲ್ಲಿ. ನಮ್ಮ ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ರಜನಿಕಾಂತ್ ಅವರ ‘ಎಂದಿರನ್’ 2010ರದ್ದು, ಅದರ ಮುಂದಿನ ‘2.0’ 2018ರದ್ದು. ಇಂಥವುಗಳಲ್ಲಿ ಹೆಚ್ಚಿನವು ಹಳೆಯ ನೆನಪನ್ನು ಮಾರಲು ಬರುತ್ತವೆ. ಅದೇ ಸಂಗೀತ, ಅದೇ ವೇಷ, ಚಪ್ಪಾಳೆಗೆಂದು ಅದೇ ಹಳೆಯ ಮಾತು. ನೋಡುವಾಗ ಖುಷಿಯಾಗುತ್ತದೆ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮರೆತುಹೋಗಿರುತ್ತದೆ.

ಕ್ಯಾಮರಾನ್ ವಿಷಯದಲ್ಲಿ ಅಭಿಮಾನಿಗಳಿಗೆ ಒಂದು ಧೈರ್ಯವಿತ್ತು. ಎರಡನೆಯ ಭಾಗ ಮಾಡುವುದರಲ್ಲಿ ಅವರ ಕೈ ಪಳಗಿದೆ. 1979ರ ‘ಏಲಿಯನ್’ ಬೇರೆಯವರದ್ದು, ಅದಕ್ಕೆ 1986ರಲ್ಲಿ ‘ಏಲಿಯನ್ಸ್’ ಎಂಬ ಮುಂದಿನ ಭಾಗ ಮಾಡಿದವರು ಇವರು. ತಮ್ಮದೇ 1984ರ ‘ಟರ್ಮಿನೇಟರ್’ಗೆ 1991ರಲ್ಲಿ ಎರಡನೆಯ ಭಾಗ ಮಾಡಿದರು. ಎರಡೂ ಏಳೇಳು ವರ್ಷ ತಡ. ಎರಡರಲ್ಲೂ ಅವರು ಹಳೆಯ ಕಥೆಯನ್ನೇ ತಿರುಗಿ ಹೇಳಲಿಲ್ಲ. ಮೊದಲ ಭಾಗದಲ್ಲಿ ಕೊಲ್ಲಲು ಬಂದ ಯಂತ್ರವನ್ನು ಎರಡನೆಯದರಲ್ಲಿ ಒಬ್ಬ ಹುಡುಗನ ಕಾವಲಿಗೆ ನಿಲ್ಲಿಸಿದರು.

ಹಾಗಾದರೆ ಈ ಸಲ 13 ವರ್ಷ ಯಾಕೆ ಬೇಕಾಯಿತು? ಒಂದು ಕಾರಣ, ಅವರು ಒಂದೇ ಭಾಗ ಬರೆಯಲಿಲ್ಲ, ಮುಂದಿನ ಹಲವು ಭಾಗಗಳ ಕಥೆಯನ್ನು ಒಟ್ಟಿಗೇ ಕುಳಿತು ಬರೆಸಿದರು. ಎರಡು ಮತ್ತು ಮೂರನೆಯ ಭಾಗದ ಚಿತ್ರೀಕರಣವೂ 2017ರಿಂದ ಜೊತೆಯಲ್ಲೇ ನಡೆಯಿತು. ಇನ್ನೊಂದು ಕಾರಣ, ಆ ಮನುಷ್ಯನಿಗೆ ಕಡಲಿನ ಹುಚ್ಚು. 2012ರ ಮಾರ್ಚ್ 26ರಂದು ಅವರು ಪೆಸಿಫಿಕ್ ಸಾಗರದ ಚಾಲೆಂಜರ್ ಡೀಪ್ ಎಂಬ ಕಂದಕಕ್ಕೆ, ಸುಮಾರು 11 ಕಿಲೋಮೀಟರ್ ಆಳಕ್ಕೆ, ಪುಟ್ಟ ಜಲವಾಹನದಲ್ಲಿ ಒಬ್ಬರೇ ಇಳಿದು ಬಂದರು. ಅಂಥವರು ಮಾಡುವ ಎರಡನೆಯ ಭಾಗ ನೀರಿನ ಬಗ್ಗೆ ಇರದೆ ಇನ್ನೇನಿರುತ್ತದೆ?

ಮೂರನೆಯ ಕಾರಣ ತಂತ್ರಜ್ಞಾನದ್ದು. ಈ ಸಿನಿಮಾದಲ್ಲಿ ನಟರ ಮೈಗೆ ಗುರುತುಗಳಿರುವ ಉಡುಪು ತೊಡಿಸಿ, ಮುಖದ ಮುಂದೆ ಪುಟ್ಟ ಕ್ಯಾಮೆರಾ ಕಟ್ಟಿ, ಅವರ ಒಂದೊಂದು ಚಲನೆಯನ್ನೂ ಕಂಪ್ಯೂಟರಿಗೆ ಊಡಿಸುತ್ತಾರೆ. ನಂತರ ಆ ಚಲನೆಗೆ ನೀಲಿ ಮೈ ಕೊಡುತ್ತಾರೆ. ನೆಲದ ಮೇಲೆ ಇದು 2009ರಲ್ಲೇ ಸಾಧ್ಯವಾಗಿತ್ತು. ನೀರಿನೊಳಗೆ ಆಗಿರಲಿಲ್ಲ. ನಟರನ್ನು ಹಗ್ಗದಲ್ಲಿ ತೂಗುಹಾಕಿ ಈಜುವ ಹಾಗೆ ನಟಿಸಲು ಹೇಳಬಹುದಿತ್ತು. ಕ್ಯಾಮರಾನ್ ಒಪ್ಪಲಿಲ್ಲ. ಸುಮಾರು 34 ಲಕ್ಷ ಲೀಟರ್ ನೀರು ಹಿಡಿಯುವ ತೊಟ್ಟಿ ಕಟ್ಟಿಸಿದರು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿದರೆ ಗುಳ್ಳೆಗಳು ಏಳುತ್ತವೆ, ಗುಳ್ಳೆ ಎದ್ದರೆ ಕ್ಯಾಮೆರಾಗಳಿಗೆ ಗುರುತು ಸಿಗುವುದಿಲ್ಲ. ಆದ್ದರಿಂದ ನಟರೆಲ್ಲ ಉಸಿರು ಬಿಗಿಹಿಡಿಯಲು ಕಲಿತರು. ಕೇಟ್ ವಿನ್ಸ್ಲೆಟ್ ತರಬೇತಿಯಲ್ಲಿ ಏಳು ನಿಮಿಷಕ್ಕೂ ಹೆಚ್ಚು ಕಾಲ ಉಸಿರು ಹಿಡಿದರು. ಮೇಲಿನ ದೀಪಗಳ ಬೆಳಕು ಅಲೆಗಳ ಮೇಲೆ ಹೊಳೆಯದಿರಲೆಂದು ನೀರಿನ ತುಂಬ ಬಿಳಿಯ ಪುಟ್ಟ ಚೆಂಡುಗಳನ್ನು ತೇಲಿಬಿಟ್ಟರು. ನಟರು ತಲೆಯೆತ್ತಿದರೆ ಚೆಂಡುಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದವು. ಸಿನಿಮಾದಲ್ಲಿ ಮಕ್ಕಳು ನೀರಿಗೆ ಧುಮುಕಿದಾಗ ನಮ್ಮ ಎದೆಯೂ ಬಿಗಿಯುತ್ತದಲ್ಲ, ಅದು ಬರೇ ಗ್ರಾಫಿಕ್ಸಿನ ಕೆಲಸವಲ್ಲ, ಆ ಉಸಿರು ನಿಜವಾದದ್ದು.

ಇನ್ನು ಕಥೆಗೆ ಬರೋಣ. ಜೇಕ್ ಈಗ ನಾವಿಗಳಲ್ಲೇ ಒಬ್ಬ, ಕಾಡಿನ ಕುಲದ ಮುಖಂಡ. ಅವನಿಗೂ ನೇಟಿರಿಗೂ ಮೂವರು ಮಕ್ಕಳು, ಕಿರಿ ಎಂಬ ಸಾಕುಮಗಳು ಬೇರೆ. ಭೂಮಿಯ ಜನ ಮತ್ತೆ ಬಂದಿದ್ದಾರೆ, ಈ ಸಲ ಜೇಕ್‌ನನ್ನು ಹುಡುಕಿಕೊಂಡು. ತಾನಿದ್ದರೆ ಕುಲಕ್ಕೇ ಅಪಾಯ ಎಂದು ಅವನು ಮುಖಂಡತ್ವ ಬಿಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು ದೂರದ ಕಡಲ ತೀರಕ್ಕೆ ಹೋಗಿ, ಮೆಟ್ಕಯೀನಾ ಎಂಬ ಇನ್ನೊಂದು ಕುಲದ ಮುಂದೆ ಆಶ್ರಯ ಬೇಡುತ್ತಾನೆ.

ಇಲ್ಲಿಂದಲೇ ನನ್ನ ಮಟ್ಟಿಗೆ ಸಿನಿಮಾ ಶುರುವಾಗುವುದು. ಕಡಲಿನವರ ಬಾಲ ದಪ್ಪ, ಈಜಲು ಹುಟ್ಟಿಗೆಯಂತಿದೆ. ಕಾಡಿನ ಮಕ್ಕಳದ್ದು ಹಗ್ಗದಂಥ ಬಾಲ. ಅಲ್ಲಿಯ ಹುಡುಗರು ಅದನ್ನು ನೋಡಿ ನಗುತ್ತಾರೆ. ನಾವಿಗಳ ಕೈಗೆ ನಾಲ್ಕೇ ಬೆರಳು. ಎರಡನೆಯ ಮಗ ಲೋಆಕ್‌ಗೂ ಕಿರಿಗೂ ಐದು. ಅದಕ್ಕೂ ಚುಚ್ಚುಮಾತು. ಈ ಮಕ್ಕಳು ಹೊಸದಾಗಿ ಈಜು ಕಲಿಯಬೇಕು, ಸವಾರಿ ಕಲಿಯಬೇಕು, ಕೈಸನ್ನೆಯ ಮಾತು ಕಲಿಯಬೇಕು, ಎಲ್ಲಕ್ಕಿಂತ ಮೊದಲು ಉಸಿರಾಡುವುದನ್ನೇ ಕಲಿಯಬೇಕು.

ನಾನಿರುವುದು ಶಹಾಡ್‌ನಲ್ಲಿ. ಕಲ್ಯಾಣ ದಾಟಿ ಕಸಾರಾ ಕಡೆ ಹೋಗುವ ಲೋಕಲ್‌ಗೆ ಮೊದಲ ನಿಲ್ದಾಣ. ಬಿರ್ಲಾ ಮಂದಿರ ನೋಡಲು ಬಂದವರಿಗೆ ನಮ್ಮ ಊರು ಗೊತ್ತು. ಇಲ್ಲಿಯ ದೊಡ್ಡ ಕಾರ್ಖಾನೆಯಲ್ಲಿ ತಯಾರಾಗುವುದು ರೇಯಾನ್ ನೂಲು. ಮರದ ತಿರುಳನ್ನು ಕರಗಿಸಿ ಎಳೆ ತೆಗೆದು ಮಾಡುವ ನೂಲು ಅದು. ಎಲ್ಲಿಯದೋ ಕಾಡಿನ ಮರ ಇಲ್ಲಿಗೆ ಬಂದು ರೇಷ್ಮೆಯ ಹಾಗೆ ಹೊಳೆಯುತ್ತದೆ. ಜನ ಬಂದದ್ದೂ ಹಾಗೆಯೇ. ಉಡುಪಿ, ಮಂಗಳೂರು ಕಡೆಯವರು ಹೋಟೆಲು ಕ್ಯಾಂಟೀನುಗಳಿಗೆ ಬಂದರು. ಬಿಜಾಪುರ, ಗುಲ್ಬರ್ಗ ಕಡೆಯವರು ಕಟ್ಟಡದ ಕೆಲಸಕ್ಕೆ, ಕಾರ್ಖಾನೆಗಳಿಗೆ ಬಂದರು. ನಮ್ಮಪ್ಪ ಬಂದದ್ದು ಬಿಜಾಪುರದ ಕಡೆಯ ಒಂದು ಹಳ್ಳಿಯಿಂದ. ಎರಡು ವರ್ಷ ದುಡಿದು ಹೊಲ ಬಿಡಿಸಿಕೊಂಡು ತಿರುಗಿ ಹೋಗುವುದು ಎಂಬ ಲೆಕ್ಕ ಅವರದ್ದು. ಆ ಎರಡು ವರ್ಷ 40 ಆಯಿತು.

ಜೇಕ್ ಈ ಸಿನಿಮಾದ ಆರಂಭದಲ್ಲಿ ಭಾಷೆಯ ಬಗ್ಗೆ ಒಂದು ಮಾತು ಹೇಳುತ್ತಾನೆ. ನಾವಿ ಭಾಷೆಯಲ್ಲಿ ಬದುಕಿ ಬದುಕಿ ಅದೀಗ ಅವನ ಕಿವಿಗೆ ಹುಟ್ಟುಭಾಷೆಯಂತೆಯೇ ಕೇಳುತ್ತದಂತೆ. ಅಲ್ಲಿಂದ ಮುಂದೆ ಪಾತ್ರಗಳೆಲ್ಲ ಇಂಗ್ಲಿಷಿನಲ್ಲಿ ಮಾತಾಡುವುದಕ್ಕೆ ಸಿನಿಮಾದವರು ಹೂಡಿದ ಉಪಾಯ ಅದು. ಆದರೆ ನಮ್ಮ ಚಾಳಿನಲ್ಲಿ ಬೆಳೆದವರಿಗೆ ಅದು ಉಪಾಯವೆಂದು ಅನ್ನಿಸುವುದಿಲ್ಲ. ನನಗೆ ಮರಾಠಿ ಕೇಳುವುದು ಹಾಗೆಯೇ. ಅದು ಬೇರೆ ಭಾಷೆ ಎಂಬುದು ಯಾರಾದರೂ ನೆನಪಿಸಿದಾಗಲಷ್ಟೇ ನೆನಪಾಗುತ್ತದೆ. ನನ್ನ ಮಗಳಿಗೆ ಮಾತ್ರ ಈಗ ಕನ್ನಡವೇ ಕಲಿಯಬೇಕಾದ ಭಾಷೆ.

ನೇಟಿರಿಯ ವಿಷಯ ಬೇರೆ. ಅವಳಿಗೆ ಕಾಡು ಬಿಡುವುದು ಬೇಕಿರಲಿಲ್ಲ. ಕಾಡು ತನ್ನ ತಂದೆತಾಯಿಯ ನೆಲ ಎಂದು ಗಂಡನೊಡನೆ ವಾದಿಸಿ, ಕೊನೆಗೆ ಮಕ್ಕಳಿಗಾಗಿ ಹೊರಡುತ್ತಾಳೆ. ಕಡಲಿನ ಕುಲದ ಹೆಂಗಸಿನ ಮುಂದೆ ತಲೆ ತಗ್ಗಿಸಿ ನಿಲ್ಲುವಾಗ ಅವಳ ಮುಖ ನೋಡಬೇಕು. ನಮ್ಮ ಪ್ರತಿಯೊಂದು ಮನೆಯಲ್ಲೂ ಆ ಮುಖ ಇದೆ. ಯಾರೂ ಅವರನ್ನು ಕೇಳಿರುವುದಿಲ್ಲ. ಗಂಡಸರು ನಿರ್ಧಾರ ಮಾಡಿ ಬಂದರು, ಅವರು ಟ್ರಂಕು ಹಿಡಿದು ಹಿಂದೆ ಬಂದರು.

ಇಷ್ಟು ಹೊಗಳಿದ ಮೇಲೆ ದೂರುಗಳನ್ನೂ ಹೇಳಬೇಕು. ಅಭಿಮಾನಿ ಎಂದರೆ ಕಣ್ಣು ಮುಚ್ಚಿ ಕೈ ಮುಗಿಯುವವನಲ್ಲ. ಸಿನಿಮಾದ ಉದ್ದ 3 ಗಂಟೆ 12 ನಿಮಿಷ. ಮಧ್ಯದಲ್ಲಿ ಮಕ್ಕಳನ್ನು ಒಮ್ಮೆ ಹಿಡಿಯುತ್ತಾರೆ, ಬಿಡಿಸುತ್ತಾರೆ, ಮತ್ತೆ ಹಿಡಿಯುತ್ತಾರೆ. ಖಳನಾಯಕ ಮೊದಲ ಭಾಗದಲ್ಲೇ ಸತ್ತಿದ್ದ. ಅವನ ನೆನಪುಗಳನ್ನು ಕಾಪಿ ಮಾಡಿಟ್ಟುಕೊಂಡು ನೀಲಿ ದೇಹಕ್ಕೆ ತುಂಬಿ ಎಬ್ಬಿಸಿದ್ದಾರೆ. ಸತ್ತವನು ತನ್ನದೇ ತಲೆಬುರುಡೆಯನ್ನು ಕೈಯಲ್ಲಿ ಹಿಡಿದು ನೋಡುವ ದೃಶ್ಯ ಚೆನ್ನಾಗಿದೆ. ಆದರೂ 13 ವರ್ಷ ಕಾಯಿಸಿ ಅದೇ ವೈರಿಯನ್ನು ಕೊಡಬಾರದಿತ್ತು. ಭೂಮಿ ಸಾಯುತ್ತಿದೆ, ಮನುಷ್ಯರು ಈ ಸಲ ನೆಲೆಸಲೆಂದೇ ಬಂದಿದ್ದಾರೆ ಎಂದು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಅದೇ ದೊಡ್ಡ ಕಥೆಯಾಗಬಹುದಿತ್ತು. ಅವರೂ ಊರು ಬಿಟ್ಟು ಬಂದವರೇ ತಾನೆ? ಮತ್ತೆ, ಕೆಲವು ದೃಶ್ಯಗಳನ್ನು ಸೆಕೆಂಡಿಗೆ 48 ಚಿತ್ರಗಳ ವೇಗದಲ್ಲಿಯೂ ಉಳಿದವನ್ನು ಮಾಮೂಲಿನ 24ರಲ್ಲಿಯೂ ತೋರಿಸಿದ್ದರಿಂದ, ಅಲ್ಲಲ್ಲಿ ಟಿವಿ ಧಾರಾವಾಹಿ ನೋಡಿದ ಹಾಗೆ ಕಣ್ಣಿಗೆ ಕಿರಿಕಿರಿಯಾಗುತ್ತದೆ.

ಇನ್ನೊಂದು ದೂರು ಗಂಭೀರವಾದದ್ದು. ಬುಡಕಟ್ಟು ಜನರ ನೋವನ್ನು ಹಾಲಿವುಡ್ ಬಣ್ಣ ಬಳಿದು ಮಾರುತ್ತದೆ ಎಂದು ಅಮೆರಿಕದ ಮೂಲನಿವಾಸಿಗಳಲ್ಲೇ ಕೆಲವರು ಈ ಸಿನಿಮಾ ನೋಡಬೇಡಿ ಎಂದರು. ಆ ಸಿಟ್ಟಿನಲ್ಲಿ ಹುರುಳಿದೆ. ಆದರೆ ನಮ್ಮ ದೇಶದಲ್ಲಿ ಇದೇ ಕಥೆ ಇನ್ನೊಂದು ರೀತಿಯಲ್ಲಿ ಬಳಕೆಯಾದದ್ದನ್ನೂ ನೆನೆಯಬೇಕು. 2010ರಲ್ಲಿ ಒಡಿಶಾದ ನಿಯಮಗಿರಿ ಬೆಟ್ಟದ ಡೋಂಗರಿಯಾ ಕೊಂಡ ಜನರ ಪರವಾಗಿ ಸರ್ವೈವಲ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಹಾಲಿವುಡ್‌ನ ‘ವೆರೈಟಿ’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನಿಮ್ಮ ಸಿನಿಮಾದ ಕಥೆ ಇಲ್ಲಿ ನಿಜವಾಗಿ ನಡೆಯುತ್ತಿದೆ, ಸಹಾಯ ಮಾಡಿ ಎಂದು ಕ್ಯಾಮರಾನ್ ಅವರನ್ನು ಕೇಳಿತು. ಆ ಬೆಟ್ಟದ ಬಾಕ್ಸೈಟ್ ಅದಿರಿಗಾಗಿ ಗಣಿ ತೆಗೆಯುವ ಯೋಜನೆ ಇತ್ತು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಗ್ರಾಮಸಭೆಗಳನ್ನೇ ಕೇಳಿ ಎಂದಿತು. 12 ಗ್ರಾಮಸಭೆಗಳನ್ನು ಕೇಳಿದರು. ಹನ್ನೆರಡೂ ಗಣಿ ಬೇಡ ಎಂದವು. ಆ ಬೆಟ್ಟವನ್ನು ಉಳಿಸಿದ್ದು ಸಿನಿಮಾ ಅಲ್ಲ, ಆ ಜನ. ಸಿನಿಮಾ ಮಾಡಿದ್ದು ಇಷ್ಟೇ, ಹೊರಗಿನವರಿಗೆ ಅವರ ಕಥೆ ಬೇಗ ಅರ್ಥವಾಗುವ ಹಾಗೆ ಒಂದು ಹೋಲಿಕೆ ಒದಗಿಸಿತು.

ಎರಡನೆಯ ಭಾಗದಲ್ಲಿ ಗಣಿಯ ಬದಲು ತಿಮಿಂಗಿಲ ಬಂದಿದೆ. ಪಂಡೋರಾದ ಕಡಲಿನಲ್ಲಿ ಟುಲ್ಕುನ್ ಎಂಬ ಬೃಹತ್ ಜೀವಿಗಳಿವೆ. ಹಾಡು ಕಟ್ಟಬಲ್ಲವು, ಯೋಚಿಸಬಲ್ಲವು, ಕೊಲ್ಲುವುದಿಲ್ಲ ಎಂದು ವ್ರತ ಹಿಡಿದಿವೆ. ಅವುಗಳ ಮೆದುಳಿನಿಂದ ತೆಗೆಯುವ ಒಂದು ದ್ರವ ಮನುಷ್ಯನ ಮುಪ್ಪನ್ನೇ ತಡೆಯುತ್ತದೆ. ಆ ದ್ರವದ ಹೆಸರು ಏನು ಗೊತ್ತೇ? ಅಮೃತ! ನಮ್ಮದೇ ಶಬ್ದ. ಇಷ್ಟು ದೊಡ್ಡ ಜೀವಿಯನ್ನು ಕೊಂದು ಒಂದು ಸಣ್ಣ ಸೀಸೆಯಷ್ಟು ತೆಗೆದುಕೊಂಡು ಉಳಿದ ದೇಹವನ್ನು ಕಡಲಿಗೇ ಬಿಟ್ಟುಬಿಡುತ್ತಾರೆ. ಸಮುದ್ರಮಥನದ ಕಥೆ ಕೇಳಿ ಬೆಳೆದ ನಮಗೆ ಇದು ಬೇರೆಯೇ ರೀತಿಯಲ್ಲಿ ತಾಗುತ್ತದೆ. ಅಲ್ಲಿ ದೇವತೆಗಳೂ ಅಸುರರೂ ಕಡೆದು ಕಡೆದು ಸುಸ್ತಾದರು, ಮೊದಲು ಹಾಲಾಹಲ ಬಂತು, ಅದನ್ನು ಕುಡಿಯಲು ಒಬ್ಬ ಶಿವ ಬೇಕಾಯಿತು. ಇಲ್ಲಿ ಅಮೃತ ಒಬ್ಬರಿಗೆ, ವಿಷ ಇನ್ನೊಬ್ಬರಿಗೆ. ಇದು ಬರೀ ಕಲ್ಪನೆಯೂ ಅಲ್ಲ. ದೀಪದ ಎಣ್ಣೆಗಾಗಿ, ಯಂತ್ರದ ಎಣ್ಣೆಗಾಗಿ ನಮ್ಮ ಭೂಮಿಯ ತಿಮಿಂಗಿಲಗಳನ್ನು ಇನ್ನೇನು ಮುಗಿಸಿಬಿಡುವವರೆಗೂ ಕೊಂದೆವು. ವ್ಯಾಪಾರಕ್ಕಾಗಿ ತಿಮಿಂಗಿಲ ಬೇಟೆ ನಿಲ್ಲಿಸಬೇಕೆಂಬ ಅಂತರರಾಷ್ಟ್ರೀಯ ತೀರ್ಮಾನ ಆದದ್ದು 1982ರಲ್ಲಿ, ಜಾರಿಗೆ ಬಂದದ್ದು 1986ರಲ್ಲಿ.

ಈಗ ಕನ್ನಡದ ಮಾತು. 1960ರ ದಶಕದಲ್ಲಿ ನಡೆದ ಹೋರಾಟದ ನಂತರ ಕನ್ನಡದಲ್ಲಿ ಡಬ್ಬಿಂಗ್ ಹೆಚ್ಚುಕಡಿಮೆ ನಿಂತೇಹೋಗಿತ್ತು. ಅದಕ್ಕೆ ಕಾರಣವಿತ್ತು. ಆಗ ನಮ್ಮ ಚಿತ್ರರಂಗ ಚಿಕ್ಕದು, ಮದರಾಸಿನ ಸ್ಟುಡಿಯೋಗಳ ನೆರಳಿನಲ್ಲಿದ್ದದ್ದು. ಬೇರೆ ಭಾಷೆಯ ಸಿನಿಮಾಗಳು ಕನ್ನಡದ ಧ್ವನಿಯಲ್ಲಿ ನುಗ್ಗಿದರೆ ನಮ್ಮ ಕಲಾವಿದರ ಹೊಟ್ಟೆಪಾಡು ಏನು ಎಂಬ ಭಯ ಸಹಜವಾಗಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯುವುದು ನ್ಯಾಯವಾದ ಸ್ಪರ್ಧೆಗೆ ವಿರುದ್ಧ ಎಂದು ಆದೇಶ ಕೊಟ್ಟಿತು. ಆಮೇಲೆ ದಾರಿ ನಿಧಾನವಾಗಿ ತೆರೆಯಿತು. ಈ ವಾದದಲ್ಲಿ ಎರಡೂ ಕಡೆ ದೊಡ್ಡವರಿದ್ದಾರೆ, ನಾನು ತೀರ್ಪು ಕೊಡುವವನಲ್ಲ. ನನ್ನ ಮನೆಯಲ್ಲಿ ಆದದ್ದನ್ನಷ್ಟೇ ಹೇಳುತ್ತೇನೆ.

ಥಿಯೇಟರಿನಲ್ಲಿ ನಾನು ನೋಡಿದ್ದು ಹಿಂದಿಯಲ್ಲಿ. ಅವ್ವ ಬರಲಿಲ್ಲ, ಆ ಕನ್ನಡಕ ಹಾಕಿದರೆ ತಲೆ ತಿರುಗುತ್ತದೆ ಎಂದರು. ಮುಂದಿನ ವರ್ಷ ಮನೆಯ ಟಿವಿಯಲ್ಲಿ ಕನ್ನಡದ ಧ್ವನಿ ಹಾಕಿ ಕೂರಿಸಿದೆ. ಜೀವನದಲ್ಲಿ ಒಂದೂ ಇಂಗ್ಲಿಷ್ ಸಿನಿಮಾ ಪೂರ್ತಿ ನೋಡಿರದ ಅವ್ವ, ಮೂರು ದಿನ ಸಂಜೆ ಒಂದೊಂದು ತಾಸಿನಂತೆ ಕುಳಿತು ನೋಡಿದರು. ನೀಲಿ ಮೈ, ಬಾಲ ಯಾವುದೂ ಅವರಿಗೆ ವಿಚಿತ್ರ ಅನ್ನಿಸಲಿಲ್ಲ. ಅವರ ಗಮನವೆಲ್ಲ ಇದ್ದದ್ದು ಆ ಸಂಸಾರದ ಮೇಲೆ. ಎರಡನೆಯ ದಿನ ಕೇಳಿದರು: “ಮತ್ತ ಇವರು ತಮ್ಮ ಊರಿಗೆ ತಿರುಗಿ ಹೋಗೂದು ಯಾವಾಗಪಾ?”

ಕಥೆಯ ಕೊನೆ ಗೊತ್ತಾಗಬಾರದು ಎನ್ನುವವರು ಒಂದು ನಿಮಿಷ ಕಿವಿ ಮುಚ್ಚಿಕೊಳ್ಳಿ. ಅವರು ತಿರುಗಿ ಹೋಗುವುದಿಲ್ಲ. ಯುದ್ಧದಲ್ಲಿ ಹಿರಿಯ ಮಗ ಗುಂಡೇಟಿಗೆ ಸಾಯುತ್ತಾನೆ. ಅವನ ದೇಹವನ್ನು ಕಡಲಿನವರ ಪದ್ಧತಿಯಂತೆ ನೀರಿನಾಳಕ್ಕೆ ಒಪ್ಪಿಸುತ್ತಾರೆ. ಇನ್ನು ನಾವು ಹೊರಡುತ್ತೇವೆ ಎಂದು ಜೇಕ್ ಹೇಳಿದಾಗ ಆ ಕುಲದ ಮುಖಂಡ ತಡೆಯುತ್ತಾನೆ. ನಿನ್ನ ಮಗ ಈಗ ನಮ್ಮ ಹಿರಿಯರ ಜೊತೆ ಇದ್ದಾನೆ, ಆದ್ದರಿಂದ ನೀವೂ ನಮ್ಮವರೇ ಎಂಬುದು ಅವನ ಮಾತಿನ ಅರ್ಥ. ಈಜು ಕಲಿತದ್ದರಿಂದ ಅವರು ಆ ಕಡಲಿನವರಾಗಲಿಲ್ಲ. ತಮ್ಮವನೊಬ್ಬನನ್ನು ಅಲ್ಲಿ ಬಿಟ್ಟದ್ದರಿಂದ ಆದರು.

ನಮ್ಮಪ್ಪನನ್ನು ನಾವು ಕಳಿಸಿಕೊಟ್ಟದ್ದು ಇಲ್ಲಿಯೇ, ಊರಿನಲ್ಲಿ ಅಲ್ಲ. ಊರಿಗೆ ಒಯ್ಯಬೇಕೆಂದು ಚಿಕ್ಕಪ್ಪ ಫೋನಿನಲ್ಲಿ ಅತ್ತರು. ಅಷ್ಟು ಹೊತ್ತು ಇಡುವ ಹಾಗಿರಲಿಲ್ಲ. ಹೆಗಲು ಕೊಟ್ಟವರಲ್ಲಿ ಇಬ್ಬರು ಮರಾಠಿಯವರು, ಒಬ್ಬರು ಸಿಂಧಿ, ಒಬ್ಬರು ನಮ್ಮವರು. ಅದಾದ ಮೇಲೆ ಊರಿಗೆ ಹೋಗಿ ನೆಲೆಸುವ ಮಾತನ್ನು ಅವ್ವ ಒಮ್ಮೆಯೂ ಎತ್ತಿರಲಿಲ್ಲ. ಯಾಕೆ ಎಂದು ನಾವೂ ಕೇಳಿರಲಿಲ್ಲ. ಸಿನಿಮಾದ ಆ ದೃಶ್ಯ ಬಂದಾಗ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, “ಖರೆ ಐತಿ” ಎಂದರು. ಅಷ್ಟೇ. ಮಗಳು ನನ್ನ ಮುಖ ನೋಡಿದಳು, ನಾನು ಟಿವಿ ನೋಡಿದೆ.

ಅದು ಕನ್ನಡದಲ್ಲಿ ಇರದಿದ್ದರೆ ಆ ಎರಡು ಶಬ್ದ ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಡಬ್ಬಿಂಗ್ ಬೇಕೋ ಬೇಡವೋ ಎಂಬ ವಾದಕ್ಕೆ ಇದು ಉತ್ತರವಲ್ಲ, ನನಗೆ ಗೊತ್ತು. ಆದರೆ ವೈಜ್ಞಾನಿಕ ಕಥೆ ಎಂದರೆ ಇಂಗ್ಲಿಷ್ ಕಲಿತ ಹುಡುಗರ ಆಟ, ನಮ್ಮ ಹಿರಿಯರಿಗೆ ಅದರಲ್ಲಿ ಏನೂ ಇಲ್ಲ ಎನ್ನುವವರಿಗೆ ಇದು ಖಂಡಿತ ಉತ್ತರ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ಇಂಥ ಕಥೆಗಳನ್ನು ಬರೆದವರೇ. ಕೇಳುವ ಕಿವಿ ನಮ್ಮಲ್ಲಿ ಮೊದಲಿನಿಂದಲೂ ಇತ್ತು, ತೆರೆಯ ಮೇಲೆ ಹೇಳುವ ಧ್ವನಿ ತಡವಾಗಿ ಬಂತು.

ಮೂರನೆಯ ಭಾಗ ‘ಫೈರ್ ಅಂಡ್ ಆಶ್’ ಮೂರೇ ವರ್ಷದಲ್ಲಿ, 2025ರ ಡಿಸೆಂಬರ್ 19ರಂದು ಬಂತು. ಅದರ ಬಗ್ಗೆ ಇನ್ನೊಮ್ಮೆ ಮಾತಾಡೋಣ. 13 ವರ್ಷ ಕಾದದ್ದು ಸಾರ್ಥಕವಾಯಿತೇ ಎಂದು ನನ್ನ ಸ್ನೇಹಿತರು ಈಗಲೂ ಕೇಳುತ್ತಾರೆ. ದೃಶ್ಯವೈಭವಕ್ಕೆ 2023ರಲ್ಲಿ ಆಸ್ಕರ್ ಬಂತು. ಅದೇ ಸಂಜೆ ‘ನಾಟು ನಾಟು’ ಹಾಡಿಗೂ ಬಂತು, ನೀಲಗಿರಿಯ ಕಾಡಿನಲ್ಲಿ ಆನೆಮರಿ ಸಾಕಿದ ಬೊಮ್ಮನ್ ಮತ್ತು ಬೆಳ್ಳಿ ದಂಪತಿಯ ‘ದಿ ಎಲಿಫೆಂಟ್ ವಿಸ್ಪರರ್ಸ್’ ಚಿತ್ರಕ್ಕೂ ಬಂತು. ಆ ಲೆಕ್ಕ ಹಾಗಿರಲಿ. ಬೇಗ ಬಂದಿದ್ದರೆ ನಾನು ಅದನ್ನು ಈಜು, ಹಾರಾಟ, ಯುದ್ಧಕ್ಕಾಗಿ ನೋಡಿ ಮರೆತುಬಿಡುತ್ತಿದ್ದೆ. ತಡವಾಗಿ ಬಂದದ್ದರಿಂದ ಜೇಕ್ ಕೂಡ ಅಪ್ಪನಾಗಿದ್ದ, ನಾನೂ ಅಪ್ಪನಾಗಿದ್ದೆ.

ನಿಮ್ಮ ಮನೆಯಲ್ಲಿ ಊರು ಬಿಟ್ಟು ಬಂದ ಹಿರಿಯರಿದ್ದರೆ, ಒಂದು ಭಾನುವಾರ ಬಿಡುವು ಮಾಡಿಕೊಂಡು ಈ ಸಿನಿಮಾವನ್ನು ಕನ್ನಡದಲ್ಲಿ ಅವರ ಪಕ್ಕ ಕುಳಿತು ನೋಡಿ. ಪೂರ್ತಿ ಒಂದೇ ಸಲ ಬೇಡ, ಮೂರು ಕಂತಾದರೂ ಸರಿ. ನಡುನಡುವೆ ಅವರು ಏನಾದರೂ ಕೇಳಿದರೆ ಸುಮ್ಮನಿರಿ ಎನ್ನಬೇಡಿ. ಟಿವಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಅವರ ಮಾತು ಕೇಳಿ.